ಅಮಾಸಿಗೊಮ್ಮೆ ಕೂಡುವ ಮಂದಿ

ಇಳಕಲ್ಲ
ಶನಿವಾರ, ೨೨ ನವೆಂಬರ್ ೨೦೨೫

ಪ್ರೀತಿಯ ಮಗಳು ಪದ್ಮಶ್ರೀಗೆ,

ಮಾವ ಅಂದಪ್ಪನ ಮನಸಾರೆ ಆಶೀರ್ವಾದಗಳು. ಮೊದಲಿನ ಹಾಳೆಯಲ್ಲಿ ‘ಸೊಸೆ ಪದ್ಮಶ್ರೀಗೆ’ ಎಂದು ಬರೆದಿದ್ದೆ. ಹಿಂದೆ ನಿಂತು ಇಣುಕುತ್ತಿದ್ದ ನಿನ್ನತ್ತೆ, “ಸ್ವಸಿ ಅಂತ ಬರದ್ರ ಕೋರ್ಟಿನ ನೋಟೀಸ ಬಂದಂಗ ಆಗತೈತಿ, ಮಗಳ ಅಂತ ಬರೀರಿ” ಎಂದು ಗದರಿಸಿದಳು. ಆ ಹಾಳೆ ಹರಿದು ಇದನ್ನು ಹಿಡಿದಿದ್ದೇನೆ. ನಿನ್ನ ಮೈಯಲ್ಲಿ ಈಗ ಹೇಗಿದೆ? ಸೊಂಟದ ನೋವು ಇಳಿಯಿತೇ? ಕೂಸು ಹೊಟ್ಟೆ ತುಂಬ ಹಾಲು ಕುಡಿದು ಮಲಗುತ್ತದೆಯೋ, ಇಲ್ಲ ಅಜ್ಜನ ಹಾಗೆ ಸಣ್ಣ ಮಾತಿಗೂ ಸಿಡಿದೇಳುತ್ತದೆಯೋ? ನೀರೆರೆಯುವಾಗ ನಿಮ್ಮ ಕೆರೂರಿನ ಓಣಿಗೆಲ್ಲ ಕೇಳುವಂತೆ ಚೀರುತ್ತದೆ ಎಂದು ನಿನ್ನ ತಮ್ಮ ಹೇಳಿದ. ಚೀರಲಿ ಬಿಡು, ನಮ್ಮ ಮನೆತನದ್ದೆಂದು ನಿಮ್ಮ ಕಡೆಯವರಿಗೂ ಗೊತ್ತಾಗಲಿ. ಹಸಿ ಬಾಣಂತಿಯ ಕಣ್ಣಿಗೆ ಫೋನು, ಕಂಪ್ಯೂಟರು ಬೀಳಕೂಡದೆಂದು ನಿಮ್ಮವ್ವ ನಿನ್ನ ಫೋನನ್ನು ಟ್ರಂಕಿಗೆ ಹಾಕಿ ಬೀಗ ಜಡಿದಿದ್ದಾರಂತೆ. ಅದಕ್ಕೇ ಎಷ್ಟೋ ವರ್ಷಗಳ ಮೇಲೆ ನನಗೆ ಕಾಗದ ಬರೆಯುವ ಭಾಗ್ಯ ಬಂದಿದೆ. ಇದನ್ನು ಮೊದಲು ಬೀಗತಿಯವರೇ ಓದುತ್ತಾರೆಂಬ ಅನುಮಾನ ನನಗಿದೆ. ಬೀಗತಿಯವರೇ, ಧಾರಾಳವಾಗಿ ಓದಿರಿ, ಬೇಸರವಿಲ್ಲ. ಓದಿದ ಮೇಲೆ ಮಾತ್ರ ಇದನ್ನೂ ಟ್ರಂಕಿಗೆ ಹಾಕದೆ ಅವಳ ಕೈಗೆ ಕೊಡಿರಿ.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನತ್ತೆಯ ಮೊಣಕಾಲು ಥಂಡಿಗೆ ಮತ್ತೆ ತಕರಾರು ತೆಗೆದಿದೆ. ಆದರೂ ಬಾಣಂತಿಯ ಅಂಟಿನುಂಡಿ ಕಟ್ಟುವಾಗ ಯಾವ ನೋವೂ ಇರಲಿಲ್ಲ. ಡಬ್ಬಿ ತುಂಬಿ ಕಳಿಸಿದ್ದಾಳೆ. ಒಂದನ್ನು ನಾನು ರುಚಿ ನೋಡಿದ್ದಕ್ಕೆ, “ನೀವೇನು ಹಡದೀರಿ?” ಎಂದು ಕೇಳಿದಳು. ನಿನ್ನ ಗಂಡನ ಶೆಡ್ಡಿನಲ್ಲಿ ಪಾವರ್‌ಲೂಮುಗಳು ನಡೆಯುತ್ತಿವೆ, ಕರೆಂಟು ಮಾತ್ರ ತನಗೆ ತಿಳಿದಾಗ ಬರುತ್ತದೆ. ಚೇತನ ಸಂಜೆ ಮನೆಗೆ ಬಂದವನು ಕೈಕಾಲು ತೊಳೆಯುವ ಮೊದಲು ನಿನ್ನ ಕಂಪ್ಯೂಟರಿನ ಮೇಲಿನ ಧೂಳು ಒರೆಸುತ್ತಾನೆ. ಯಾಕೋ ಎಂದರೆ, “ಧೂಳಾ ಭಾಳ ಬಿದ್ದೈತಿ” ಎನ್ನುತ್ತಾನೆ. ದಿನಾ ಒರೆಸುವ ವಸ್ತುವಿನ ಮೇಲೆ ಅಷ್ಟು ಧೂಳು ಎಲ್ಲಿಂದ ಬೀಳಬೇಕು? ನೀನಿಲ್ಲದ್ದು ಅವನಿಗೆ ಭಾರವಾಗಿದೆ ಎಂದು ನಮಗಿಬ್ಬರಿಗೂ ಗೊತ್ತು, ಅವನಿಗಷ್ಟೇ ಗೊತ್ತಿಲ್ಲ. ಮುಂದಿನ ವಾರ ಕೆರೂರಿಗೆ ಬರುತ್ತಾನೆ. ಈ ಕಾಗದ ಅವನ ಕೈಯಲ್ಲಿ ಕೊಡಬಹುದಿತ್ತು, ಆದರೆ ಬಸ್ಸು ಹುನಗುಂದ ದಾಟುವುದರೊಳಗೆ ಓದಿ ಮುಗಿಸುವ ಜಾತಿ ಅವನದು. ಅದಕ್ಕೆ ಸಂತೆಗೆ ಬಟ್ಟೆ ಒಯ್ಯುವ ಹನಮಂತಪ್ಪನ ಗಾಡಿಗೆ ಹಾಕುತ್ತಿದ್ದೇನೆ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಹೋದ ವಾರ ನಿನ್ನ ತಮ್ಮ ಬಂದು ಪಡಸಾಲೆಯಲ್ಲಿ ಕುಳಿತು, ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಸಾಲಿ ಹುಡುಗ ಪಾಠ ಒಪ್ಪಿಸಿದ ಹಾಗೆ ಹೇಳಿದ: “ಅಕ್ಕ ಕೇಳ್ಯಾಳ. ಕಂಪನಿ ನೌಕರಿಗೆ ಹ್ಞೂಂ ಅನ್ನಬೇಕೋ ಬ್ಯಾಡೋ ಮಾವಾರು ಹೇಳ್ಲಿ, ಅವರು ಹೇಳಿದಂಗ ಮಾಡ್ತೇನಿ ಅಂದಾಳ.” ಎಂಥ ಗಂಟು ತಂದು ನನ್ನ ಹೆಗಲಿಗೆ ಹಾಕಿದೆ ಮಗಳೇ! ನೀನು ಹ್ಞೂಂ ಅಂದರೆ ನೀನೇ ಕಟ್ಟಿದ ‘ಚೌಕಳಿ’ಯ ಮುಖ್ಯಸ್ಥೆಯಾಗಿ ಈ ಮನೆಯಲ್ಲೇ ಕುಳಿತು ಕಂಪನಿಯ ಪಗಾರ ತೆಗೆದುಕೊಳ್ಳುತ್ತೀ. ಉತ್ತರ ಬರುವ ತಿಂಗಳೊಳಗೆ ಬೇಕೆಂದು ಅವರು ಕೇಳಿದ್ದಾರೆ. ಆ ಕಂಪನಿಯ ಜೊತೆ ಎಲ್ಲರಿಗಿಂತ ಹೆಚ್ಚು ಜಗಳ ಕಾಯುತ್ತಿರುವವನು ಯಾರು ಅಂದರೆ ನಾನು. ನನ್ನನ್ನೇ ನ್ಯಾಯ ಹೇಳು ಅನ್ನುತ್ತೀಯಲ್ಲ. ಚೇತನನನ್ನು ಕೇಳಿದೆ. “ಅಪ್ಪಾ, ಕೆಲಸ ಆಕಿದು, ಆಕಿನ ಹೇಳ್ಲಿ” ಎಂದು ಕೈ ತೊಳೆದುಕೊಂಡ. ನಿನ್ನತ್ತೆಯನ್ನು ಕೇಳಿದರೆ, “ಆಕಿ ಪಗಾರ ತರ್ಲಿ, ನೀವು ನಿಮ್ಮ ಸಿಟ್ಟು ತಗೊಂಡು ಮೂಲ್ಯಾಗ ಕುಂದರ್ರಿ” ಎಂದಳು. ಹಾಗೆ ಕುಳಿತೇ ಇದನ್ನು ಬರೆಯುತ್ತಿದ್ದೇನೆ.

ಕೂಸು ಓದಲು ಕಲಿತಾಗ ಅಜ್ಜ ಎಂಥ ಜಗಳದಲ್ಲಿ ಬಿದ್ದಿದ್ದ ಎಂದು ತಿಳಿಯಲಿ, ಅದಕ್ಕೆ ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿದ್ದುದನ್ನು ದಾಟಿಕೊಂಡು ಹೋಗು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರಿಕೆ ಮುಗಿಸಿದ ಮೇಲೆ ನಾನು ನೇಕಾರರಿಗೆ ಸೀರೆ ದಡಿಯ, ಕುಪ್ಪಸದ ಖಣದ ನಕ್ಷೆ ಬರೆದುಕೊಡುತ್ತಿದ್ದೆ. ಚೌಕದ ಹಾಳೆಯ ಒಂದೊಂದು ಮನೆಗೆ ಒಂದೊಂದು ಎಳೆ. ಕಣ್ಣಿಗೆ ಪೊರೆ ಬಂದ ಮೇಲೆ ಆ ಮನೆಗಳು ಒಂದರ ಮೇಲೊಂದು ಹತ್ತಿ ಕುಳಿತಂತೆ ಕಾಣತೊಡಗಿದವು. ಆಗ ನೀನು ಹೊಸ ಸೊಸೆ, ಬಾಗಲಕೋಟೆಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು. ಅಡಿಗೆ ಮನೆಯ ಕೆಲಸ ತೀರಿಸಿ ಸಂಜೆ ನನ್ನ ಪಕ್ಕ ಕುಳಿತು, “ಈ ಮನಿ ತುಂಬಿದ್ರ ಏನು ಆಗತೈತ್ರಿ ಮಾವಾರ, ಬಿಟ್ರ ಏನು ಆಗತೈತಿ” ಎಂದು ಕೇಳುತ್ತ ಕೇಳುತ್ತ ‘ಚೌಕಳಿ’ ಎಂಬ ಪ್ರೋಗ್ರಾಮು ಕಟ್ಟಿದೆ. ಪರದೆಯ ಮೇಲೆ ನಕ್ಷೆ ಬರೆದರೆ ಯಾವ ರಟ್ಟಿನಲ್ಲಿ ಎಲ್ಲಿ ತೂತು ಹೊಡೆಯಬೇಕೆಂದು ಅದೇ ಲೆಕ್ಕ ಹಾಕಿ ಹಾಳೆ ಮುದ್ರಿಸಿಕೊಡುತ್ತಿತ್ತು. ಆ ರಟ್ಟುಗಳನ್ನು ಸಾಲಾಗಿ ಹೊಲಿದು ಮಗ್ಗಕ್ಕೆ ಏರಿಸಿದರೆ ಬಟ್ಟೆಯಲ್ಲಿ ನಕ್ಷೆ ಮೂಡುತ್ತದೆ. ಅದನ್ನು ಮಾರಿಕೊಳ್ಳುವುದು ಬಿಟ್ಟು ನೀನು ಒಳಗಿನ ಬರಹವನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಬಿಚ್ಚಿಟ್ಟೆ. ಯಾರು ಬೇಕಾದರೂ ಒಯ್ಯಿರಿ, ತಿದ್ದಿರಿ, ತಿದ್ದಿದ್ದನ್ನು ಹೀಗೆಯೇ ಬಿಚ್ಚಿಡಿರಿ ಎಂದು ಬರೆದೆ. ಓಪನ್ ಸೋರ್ಸ್ ಅಂದರೆ ಇದೇ ಎಂದು ನನಗೆ ತಿಳಿಸಿ ಹೇಳುವುದರಲ್ಲಿ ನಿನಗೆ ಸಾಕುಸಾಕಾಯಿತು. ಹಿತ್ತಲ ಬಾಗಿಲು ತೆರೆದಿಟ್ಟು ಮಲಗುವ ಸೊಸೆ ಸಿಕ್ಕಳಲ್ಲ ಎಂದು ನಾನು ಆಗ ಗೊಣಗಿದ್ದೆ.

ತೆರೆದಿಟ್ಟ ಬಾಗಿಲಿನಿಂದ ಎಂಥೆಂಥ ಮಂದಿ ಬಂದರು! ಹುನಗುಂದದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಫೈಜಾನ ಮೊಟ್ಟಮೊದಲ ತಿದ್ದುಪಡಿ ಕಳಿಸಿದ. ಗುಳೇದಗುಡ್ಡದಿಂದ ಮಹಾನಂದಾ ಬಂದಳು. ಮನೆಯ ಮಗ್ಗದಲ್ಲಿ ಖಣ ನೇಯುವ ಆ ಹೆಣ್ಣುಮಗಳು ನಾವು ಮುದ್ರಿಸಿದ ಪ್ರತಿ ಹಾಳೆಯನ್ನೂ ನೇಯ್ದು ನೋಡಿ, ಎಲ್ಲಿ ಎಳೆ ತಪ್ಪಿದೆ ಎಂದು ಬಟ್ಟೆಯ ಫೋಟೋ ತೆಗೆದು ಕಳಿಸುತ್ತಿದ್ದಳು. ಅವಳ ಓಣಿಯ ಶಿವಸಂಗಪ್ಪ ತನ್ನ ಅಪ್ಪನ ಕಾಲದ ನಕ್ಷೆಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದು ಕೊಟ್ಟ. ಧಾರವಾಡದ ಹುಡುಗಿಯರು ಬಂದರು, ಕೊನೆಗೆ ಪೋಲೆಂಡಿನಿಂದ ಯಾವನೋ ಪುಣ್ಯಾತ್ಮ ಬಂದ. ಒಬ್ಬರಿಗೂ ಪಗಾರವಿಲ್ಲ. ನೇಕಾರರ ಮನೆಯಲ್ಲಿ ಅಮಾಸಿಯ ದಿನ ಮಗ್ಗ ಮುಟ್ಟುವುದಿಲ್ಲವಲ್ಲ, ಅಂದೇ ಎಲ್ಲರೂ ಫೋನು ಹಿಡಿದು ಕೂಡುವ ರೂಢಿ ಬಿತ್ತು. ತಿಂಗಳ ತಕರಾರೆಲ್ಲ ಅವತ್ತೇ ಇತ್ಯರ್ಥ. ಪೋಲೆಂಡಿನವನು ಸಹ ತನ್ನ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಗಳಿಗೆ ಗುರುತು ಹಾಕಿಕೊಂಡಿದ್ದಾನೆ.

ಆಮೇಲೆ ಕಂಪನಿ ಬಂತು. ಅದರ ಹೆಸರು ಇಲ್ಲಿ ಬರೆಯುವುದಿಲ್ಲ, ಬೀಗತಿಯವರು ಓದಿ ಕೆರೂರಿಗೆಲ್ಲ ಹೇಳಿಬಿಟ್ಟಾರು. ರಟ್ಟು ಬೇಡದ, ಪೆನ್‌ಡ್ರೈವ್ ಚುಚ್ಚಿದರೆ ನಕ್ಷೆ ನೇಯುವ ಯಂತ್ರ ಮಾಡುವವರು. ಅವರ ಯಂತ್ರಕ್ಕೆ ನಕ್ಷೆ ಬರೆಯಲು ನಿನ್ನ ಚೌಕಳಿಯೇ ಎಲ್ಲಕ್ಕಿಂತ ಚಲೋ ಎಂದು ಕಂಡು ಆಶ್ರಯ ಕೊಡುತ್ತೇವೆಂದರು. ಸುಳ್ಳು ಯಾಕೆ ಹೇಳಲಿ, ಅವರಿಂದ ಉಪಕಾರವಾಗಿದೆ. ಅವರು ಬರುವ ಮೊದಲು ಆ ಸರ್ವರ್ ಎಂಬುದು ತಿಂಗಳಿಗೊಮ್ಮೆ ಮಲಗುತ್ತಿತ್ತು, ನೀನು ಬಸುರಿ ಹೊಟ್ಟೆ ಹೊತ್ತು ಅದನ್ನು ಎಬ್ಬಿಸುತ್ತ ಕೂಡುತ್ತಿದ್ದೆ. ಈಗ ಅದು ಮಲಗುವುದಿಲ್ಲ. ಫೈಜಾನನಿಗೆ ನೌಕರಿ ಕೊಟ್ಟರು, ಅವನ ಲಗ್ನವಾಯಿತು. ಅವರ ಮ್ಯಾನೇಜರ ಸುನೀಲಕುಮಾರ ಬಾಗಲಕೋಟೆಯ ನವನಗರದ ಹುಡುಗ, ಬಾಯಿ ತುಂಬ ಕಾಕಾರ ಎನ್ನುತ್ತಾನೆ. ನಮ್ಮನ್ನೆಲ್ಲ ಸೇರಿಸಿ ‘ಕಮ್ಯುನಿಟಿ’ ಎನ್ನುತ್ತಾನೆ. “ಕಮ್ಯುನಿಟಿ ಅಂದ್ರ ಯಾರ ಪೈಕಿ?” ಎಂದು ಶಿವಸಂಗಪ್ಪ ನನ್ನ ಕಿವಿಯಲ್ಲಿ ಕೇಳಿದ. ನಾವೇ ಎಂದೆ. ಅವನಿಗೆ ಇನ್ನೂ ನಂಬಿಕೆ ಬಂದಿಲ್ಲ.

ಈಗ ನೀನು ಆಸ್ಪತ್ರೆಯಲ್ಲಿದ್ದಾಗ ನಡೆದದ್ದು. ದೀಪಾವಳಿ ಅಮಾಸಿ ಮುಗಿದ ಎರಡು ಮೂರು ದಿನಕ್ಕೆ ಕಂಪನಿಯವರು ಚೌಕಳಿಯ ಗುಂಪಿನಲ್ಲಿ ಒಂದು ಸೂಚನೆ ಹಾಕಿದರು. ಬರುವ ಹೊಸ ಆವೃತ್ತಿಯಲ್ಲಿ ರಟ್ಟಿನ ಹಾಳೆ ಮುದ್ರಿಸುವ ಭಾಗ ತೆಗೆಯುತ್ತೇವೆ, ಯಾರದಾದರೂ ತಕರಾರಿದ್ದರೆ ಹದಿನೈದು ದಿನದಲ್ಲಿ ಬರೆಯಿರಿ ಎಂದು. ಯಾರೂ ಬರೆಯಲಿಲ್ಲ. ಬರೆಯುವವರು ಯಾರು? ದಸರೆ ದೀಪಾವಳಿಯ ಬೇಡಿಕೆ ಮುಗಿದು ಲಗ್ನದ ಖಣ ಶುರುವಾಗಿತ್ತು, ಎಲ್ಲರ ಕಾಲೂ ಮಗ್ಗದ ಕುಣಿಯಲ್ಲಿ. ನಾನು ಅಜ್ಜನಾದ ಸಂಭ್ರಮದಲ್ಲಿ ಊರಿಗೆಲ್ಲ ಪೇಢೆ ಹಂಚುತ್ತಿದ್ದೆ. ಪೋಲೆಂಡಿನವನು ಅಮಾಸಿಗೆ ಮಾತಾಡೋಣವೆಂದು ಸುಮ್ಮನಿದ್ದ. ಹದಿನೈದು ದಿನ ಕಳೆಯಿತು, ಎಲ್ಲರ ಒಪ್ಪಿಗೆಯಿದೆ ಎಂದು ಬರೆದುಕೊಂಡು ಆ ಭಾಗ ಕಿತ್ತು ಹಾಕಿದರು. ಕಿತ್ತು ಹಾಕುವ ಕೆಲಸ ಮಾಡಿದವನು ಫೈಜಾನ, ಪಗಾರದವನು ಬೇರೇನು ಮಾಡಬೇಕು? ಗುಳೇದಗುಡ್ಡದ ಮನೆಮಗ್ಗಗಳೆಲ್ಲ ಇನ್ನೂ ರಟ್ಟಿನ ಮೇಲೆಯೇ ನಡೆಯುತ್ತವೆ. ಆ ಹಾಳೆ ಇಲ್ಲವೆಂದರೆ ಮಹಾನಂದಾ ಮತ್ತೆ ಮೊದಲಿನ ಹಾಗೆ ಒಂದೊಂದು ಮನೆ ಎಣಿಸಿ ಕಣ್ಣು ಹಾಳುಮಾಡಿಕೊಳ್ಳಬೇಕು. ನಾನು ಓದಿದಾಗ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ, ಕೂಸು ಓದುತ್ತದೆ.

ಮೊನ್ನೆ ಗುರುವಾರ ಅಮಾಸಿ. ಫೋನಿನಲ್ಲಿ ಆಗುವ ಮಾತಲ್ಲವೆಂದು ಎಲ್ಲರನ್ನೂ ನಮ್ಮ ಪಡಸಾಲೆಗೇ ಕರೆಸಿದೆ. ಗುಳೇದಗುಡ್ಡದಿಂದ ಬಸ್ಸು ಹಿಡಿದು ಶಿವಸಂಗಪ್ಪ, ಮಹಾನಂದಾ ಮತ್ತವರ ಓಣಿಯ ನಾಲ್ಕೈದು ಜನ ಬಂದರು. ನಮ್ಮೂರಿನವರೂ ಕೂಡಿದರು. ಪೋಲೆಂಡಿನವನನ್ನು ಚೇತನ ಫೋನಿನಲ್ಲಿ ತೋರಿಸಿ ದೇವರ ಜಗಲಿಯ ಪಕ್ಕ ಇಟ್ಟ. ನಿನ್ನತ್ತೆ ಹೋಳಿಗೆ ಮಾಡಿದ್ದಳು. ಸುನೀಲಕುಮಾರ ಕಾರಿನಲ್ಲಿ ಬಂದ, ಜೊತೆಗೆ ಫೈಜಾನ. ಸುನೀಲಕುಮಾರ ದೊಡ್ಡದೊಂದು ಪೆಟ್ಟಿಗೆ ಇಳಿಸಿ ಎಲ್ಲರಿಗೂ ಒಂದೊಂದು ಟೀಶರ್ಟು ಹಂಚಿದ. ಎದೆಯ ಮೇಲೆ ಕಂಪನಿಯ ಹೆಸರು, ಕೆಳಗೆ ಚೌಕಳಿಯ ಹೆಸರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ತಂದಿದ್ದ. ಆದರೆ ಕೂಡಿದವರು ನೇಕಾರರು. ಒಬ್ಬರೂ ಹೆಸರು ಓದಲಿಲ್ಲ. ಎಲ್ಲರೂ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿದರು, ಬೆಳಕಿಗೆ ಹಿಡಿದರು, ಅಂಚು ಜಗ್ಗಿದರು. ಕೊನೆಗೆ ಶಿವಸಂಗಪ್ಪ ತೀರ್ಪು ಕೊಟ್ಟ: “ಎರಡು ನೀರಿಗೆ ಬರಂಗಿಲ್ಲ ಬಿಡ್ರಿ ಇದು.” ನಿನ್ನತ್ತೆ ಮುಖ ಆ ಕಡೆ ತಿರುಗಿಸಿ ನಕ್ಕಿದ್ದು ನನಗೆ ಮಾತ್ರ ಕಂಡಿತು. ಸುನೀಲಕುಮಾರನ ಮುಖ ನೋಡಿ ನನಗೇ ಕನಿಕರ ಬಂದು ನನ್ನದನ್ನು ಅಂಗಿಯ ಮೇಲೆಯೇ ಹಾಕಿಕೊಂಡು ಕುಳಿತೆ. ಅದನ್ನು ಹಾಕಿಕೊಂಡೇ ಆಮೇಲೆ ಅವನ ಜೊತೆ ಜಗಳವಾಡಿದೆ.

ಸುನೀಲಕುಮಾರನ ಮಾತು ಹುರುಳಿಲ್ಲದ್ದಲ್ಲ. “ಕಾಕಾರ, ಹಳೇದು ಹೊತ್ಕೊಂಡು ಹೊಸದು ಮಾಡಾಕ ಆಗೂದಿಲ್ಲರಿ. ಪಗಾರ ನಾವು ಕೊಡತೀವಿ, ಫೈಜಾನನ ಅರ್ಧಾ ದಿನ ರಟ್ಟಿನ ಹಿಂದ ಹೋಗತೈತಿ. ಮ್ಯಾಲಿನವರು ನನ್ನ ಕೇಳ್ತಾರ” ಎಂದ. ಅದು ನನಗೂ ಅರ್ಥವಾಗುತ್ತದೆ. ಆದರೆ ಆ ಅರ್ಧ ದಿನದ ಕೆಲಸಕ್ಕಿಂತ ಮೊದಲು ಮಹಾನಂದಾ ಎಷ್ಟು ಅಮಾಸಿ ಕೊಟ್ಟಿದ್ದಾಳೆ ಎಂದು ಯಾವ ಮೇಲಿನವರೂ ಕೇಳಿಲ್ಲ. “ಹದಿನೈದು ದಿನ ಟೈಮ್ ಕೊಟ್ಟಿದ್ವಿ, ಒಬ್ಬರೂ ಬ್ಯಾಡ ಅನ್ನಲಿಲ್ಲಲ್ರಿ” ಎಂದು ಅವನು ಅಂದಾಗ, ಮಹಾನಂದಾ ಸೆರಗು ಸರಿಮಾಡಿಕೊಂಡು ಹೇಳಿದಳು: “ಅಮಾಸಿ ಬಿಟ್ಟು ಉಳದ ದಿನ ನಮ್ಮ ಕೈಯಾಗ ಮಗ್ಗ ಇರ್ತೈತ್ರಿ ಸಾಹೇಬ್ರ, ಫೋನ್ ಇರೂದಿಲ್ಲ. ನೀವು ಕೇಳಿದ್ದು ಅಮಾಸಿ ಆದ ಮ್ಯಾಲ, ಮುಚ್ಚಿದ್ದು ಅಮಾಸಿ ಬರೂಕಿಂತ ಮೊದ್ಲ. ನಾವು ಯಾವಾಗ ಬ್ಯಾಡ ಅನ್ನಬೇಕಿತ್ತು?” ಸುನೀಲಕುಮಾರ ಫೋನು ತೆಗೆದು ಕ್ಯಾಲೆಂಡರು ನೋಡಿದ. ನಿಜವಾಗಿಯೂ ಅವನಿಗೆ ಇದು ಗೊತ್ತಿರಲಿಲ್ಲ. ಇಷ್ಟು ಹತ್ತಿರದ ನವನಗರದವನಿಗೆ ಗೊತ್ತಿಲ್ಲದ್ದು ಪೋಲೆಂಡಿನವನಿಗೆ ಗೊತ್ತಿತ್ತು, ಅದಕ್ಕೇ ನನಗೆ ಹೆಚ್ಚು ನೋವಾಯಿತು. ಅವನು ಅಂಗಳಕ್ಕೆ ಹೋಗಿ ಮೇಲಿನವರಿಗೆ ಫೋನು ಹಚ್ಚಿ ಬಹಳ ಹೊತ್ತು ಮಾತಾಡಿದ. ನಮ್ಮ ಪರವಾಗಿಯೇ ವಾದಿಸಿದ, ಕಿಟಕಿಯಿಂದ ಕೇಳಿಸುತ್ತಿತ್ತು. ಒಳಗೆ ಬಂದಾಗ ಮುಖ ಸಣ್ಣದಾಗಿತ್ತು. ಹೊಸ ಆವೃತ್ತಿಯ ಜಾಹೀರಾತು ಹೊರಬಿದ್ದಿದೆಯಂತೆ, ಇನ್ನು ಹಿಂದಕ್ಕೆ ಹೋಗುವುದಿಲ್ಲವಂತೆ.

ನಿನ್ನತ್ತೆ ಎಲೆ ಹಾಕಿ ಹೋಳಿಗೆ ಬಡಿಸಿದಳು. ಶಿವಸಂಗಪ್ಪನ ಸಿಟ್ಟು ಫೈಜಾನನ ಮೇಲೆ ತಿರುಗಿತು. “ನಮ್ಮ ಕೂಡ ಕುಂತು ಕಲತಾಂವ, ಪಗಾರ ಅಂದಕೂಡ್ಲೆ ನಮ್ಮ ರಟ್ಟಿಗೆ ಕತ್ತರಿ ಹಾಕಿದಿ” ಎಂದ. ಫೈಜಾನ ತಲೆ ಎತ್ತಲಿಲ್ಲ. ಎಲೆಯ ಮೇಲಿನ ಹೋಳಿಗೆ ಮುಟ್ಟಿರಲಿಲ್ಲ. ನಿನ್ನತ್ತೆ ಬಂದು ಅದರ ಮೇಲೆ ಇನ್ನಷ್ಟು ತುಪ್ಪ ಸುರಿದು, “ಮೊದ್ಲ ಉಣ್ಣು, ಬೈಸ್ಗೊಳ್ಳಾಕ ಹೊತ್ತು ಐತಿ” ಎಂದಳು. ಶಿವಸಂಗಪ್ಪನಿಗೆ ಅಷ್ಟಕ್ಕೇ ಬಾಯಿ ಕಟ್ಟಲಿಲ್ಲ. “ಪದ್ಮಶ್ರೀನೂ ಪಗಾರಕ್ಕ ಹೊಂಟಾಳಂತ, ಹೌದಲ್ಲೋ ಅಂದಪ್ಪ?” ಎಂದು ಎಲ್ಲರೆದುರು ಕೇಳಿದ. ನಿನ್ನತ್ತೆ ತುಪ್ಪದ ಗಿಂಡಿ ಹಿಡಿದು ನಿಂತಲ್ಲೇ, “ಹಸಿ ಬಾಣಂತಿ ಮ್ಯಾಲ ಮಾತ ಬ್ಯಾಡ ಅಣ್ಣಾ” ಎಂದಳು. ಅವನು ತಲೆ ತಗ್ಗಿಸಿದ. ಆಮೇಲೆ, ಈ ಸಲ ಸಿಟ್ಟಿಲ್ಲದೆ, “ಹಂಗಾರ ನಾವು ಬ್ಯಾರೆ ಆಗ್ತೀವಿ” ಎಂದ. ಮನೆ ಪಾಲಾಗುವಾಗ ಅನ್ನುವ ಮಾತು ಅದು. ಆಗ ಫೈಜಾನ ತಲೆ ಎತ್ತಿದ. “ಆಗ್ರಿ ಅಜ್ಜಾರ. ಪದ್ಮಕ್ಕ ಮೊದಲ ದಿನಾನ ಹಂಗ ಬರದಿಟ್ಟಾಳ. ಇದ್ದಂಗ ಎಲ್ಲಾ ನಕಲು ಮಾಡ್ಕೊಂಡು ಯಾರ ಬೇಕಾದ್ರೂ ಹೋಗಬಹುದು, ರಟ್ಟಿನ ಭಾಗಾನೂ ತಗೊಂಡು. ಹೆಂಗ ಅಂತ ನಾ ತೋರಿಸ್ತೇನಿ” ಎಂದ, ತನ್ನ ಮ್ಯಾನೇಜರನ ಎದುರಿಗೇ. ಎಲ್ಲರೂ ಸುನೀಲಕುಮಾರನ ಮುಖ ನೋಡಿದರು. “ನಮ್ಮ ತಕರಾರ ಏನಿಲ್ಲರಿ. ಹೆಸರು ಮಾತ್ರ ಬ್ಯಾರೆ ಇಡ್ರಿ” ಎಂದು ಅವನು ಹೋಳಿಗೆಯ ಎಲೆ ಹತ್ತಿರಕ್ಕೆ ಎಳೆದುಕೊಂಡ. ಜಗಳವಾಡಿದವರೆಲ್ಲ ಒಂದೇ ಸಾಲಿನಲ್ಲಿ ಕುಳಿತು ಉಂಡೆವು. ಶಿವಸಂಗಪ್ಪ ತನ್ನ ಎಲೆಯ ಹಪ್ಪಳ ಮುರಿದು ಫೈಜಾನನ ಎಲೆಗೆ ಹಾಕಿದ್ದನ್ನು ನಾನು ನೋಡಿದೆ.

ಇದಿಷ್ಟು ನಡೆದದ್ದು. ಇನ್ನು ನಿನ್ನ ಪ್ರಶ್ನೆ. ಮಗಳೇ, ನಾನು ಸಿಟ್ಟಿನವನು, ನ್ಯಾಯ ಹೇಳುವವನಲ್ಲ. ಕಂಪನಿಯ ಕಡೆ ನೋಡಿದರೆ ರಟ್ಟಿನ ಹಾಳೆ ನೆನಪಾಗುತ್ತದೆ, ರಟ್ಟಿನ ಕಡೆ ನೋಡಿದರೆ ನಿನ್ನ ಮುಖ ನೆನಪಾಗುತ್ತದೆ. ನನ್ನ ಕಣ್ಣಿಗಾಗಿ ಕಟ್ಟಿದ ಚೌಕಳಿ ಅದು. ಅದಕ್ಕೆ ನೀನು ಕೊಟ್ಟ ಸಂಜೆಗಳಿಗೆ ಯಾರೂ ನಿನಗೆ ಏನೂ ಕೊಟ್ಟಿಲ್ಲ, ನಾನೂ ಕೊಟ್ಟಿಲ್ಲ. ಎಲ್ಲರೂ ಪುಕ್ಕಟೆ ದುಡಿಯುವುದು ಚಂದ ಎಂದು ಪೆನ್ಶನ್ ತಿನ್ನುವ ನಾನು ಹೇಳುವುದು ಸುಲಭ. ಈ ಮನೆಗೆ ಬಂದ ದಿನದಿಂದ ನೀನು ನನಗೆ ಎಂದೂ ಇಲ್ಲ ಅಂದಿಲ್ಲ, ಅದಕ್ಕೇ ನನಗೆ ಭಯ. ನಾನು ಬೇಡ ಅಂದರೆ ನೀನು ನಗುತ್ತಲೇ ಬಿಟ್ಟುಬಿಡುತ್ತೀ, ಆ ನಗೆ ನೋಡಿಕೊಂಡು ನಾನು ಹೇಗೆ ಇರಲಿ? ನೀನೆಂದರೆ ನನಗೆ ಬಹಳ ಪ್ರೀತಿ, ಎದುರಿಗೆ ಹೇಳಲು ಬರುವುದಿಲ್ಲವೆಂದು ಇಲ್ಲಿ ಬರೆದಿದ್ದೇನೆ. ಈಗಂತೂ ಯಾವ ಚಿಂತೆಯನ್ನೂ ತಲೆಗೆ ಹಚ್ಚಿಕೊಳ್ಳಬೇಡ. ಸಬ್ಬಸಿಗೆ ಪಲ್ಯ, ಬಿಸಿ ರೊಟ್ಟಿ ಹೊಟ್ಟೆ ತುಂಬ ಉಣ್ಣು. ತಲೆಗೆ ಬಟ್ಟೆ ಕಟ್ಟಿಕೋ, ಕೂಸು ಮಲಗಿದಾಗ ನೀನೂ ಮಲಗು. ನಿಮ್ಮವ್ವನ ಮಾತು ಕೇಳು, ಟ್ರಂಕಿನ ವಿಷಯದಲ್ಲೂ.

ಬೀಗತಿಯವರಿಗೆ, ನಿಮ್ಮಪ್ಪಾರಿಗೆ ನಮ್ಮಿಬ್ಬರ ಶರಣು ತಿಳಿಸು. ಡಬ್ಬಿ ಖಾಲಿಯಾದ ಮೇಲೆ ನೆನಪಿನಿಂದ ವಾಪಸು ಕಳಿಸಬೇಕೆಂದು ನಿನ್ನತ್ತೆ ಬರೆಸಿದ್ದಾಳೆ. ನನ್ನ ಮೊಮ್ಮಗಳ ಎರಡೂ ಅಂಗಾಲಿಗೆ ಅಜ್ಜನ ಮುತ್ತು. ಬಸವಣ್ಣ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ಇಂತು ನಿನ್ನ ಮಾವ,
ಅಂದಪ್ಪ

ತಾ.ಕ.: ಹನಮಂತಪ್ಪ ಗಾಡಿ ಚಾಲೂ ಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಾದರೆ ಸುಧಾರಿಸಿಕೊಂಡು ಓದು. ಮೇಲೆ ಒಂದನ್ನು ಬರೆಯದೆ ಬಿಟ್ಟಿದ್ದೇನೆ. ಬೇರೆಯಾಗುವುದು ಬರಿ ಮಾತಿನಲ್ಲಿ ಉಳಿದಿಲ್ಲ, ನಿನ್ನೆ ಆಗಿಹೋಯಿತು. ಫೈಜಾನ ಪಕ್ಕದಲ್ಲಿ ಕುಳಿತು ತೋರಿಸಿದ, ಗುಂಡಿ ಒತ್ತಿದವನು ನಾನು. ರಟ್ಟಿನ ಹಾಳೆ ನಮ್ಮ ಜೊತೆ ಬಂದಿದೆ, ಹೊಸ ಹೆಸರು ಮಹಾನಂದಾ ಇಡುತ್ತಾಳೆ. ಚೌಕಳಿ ನಿನಗೇ ಉಳಿಯಿತು. ನಿನ್ನನ್ನು ಕೇಳದೆ ಯಾಕೆ ಮಾಡಿದೆ ಅನ್ನುತ್ತೀಯಾ? ನೀನು ನೌಕರಿಗೆ ಹ್ಞೂಂ ಅಂದ ಮೇಲೆ ನಾವು ಹೊರಟಿದ್ದರೆ, ಸ್ವಸಿ ಪಗಾರದ ಆಸೆಗೆ ಮನಿ ಒಡದ್ಲು ಅನ್ನುತ್ತಿದ್ದರು. ಶಿವಸಂಗಪ್ಪ ಅರ್ಧ ಅಂದೂ ಆಗಿತ್ತು. ನಮ್ಮ ಕಡೆ ಯಾವ ಮನೆ ಒಡೆದರೂ ಸೊಸೆ ಎಂಥವಳು ಎಂದೇ ಮೊದಲು ಕೇಳುತ್ತಾರೆ. ನಿನ್ನ ಬಗ್ಗೆ ಹಾಗೆ ಕೇಳಗೊಡುವುದಿಲ್ಲ. ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ನಾನೇ ಬರೆದು ಹಾಕಿದ್ದೇನೆ: ‘ಪದ್ಮಶ್ರೀ ಬಾಣಂತನಕ್ಕೆ ಹೋದಾಗ, ಆಕೆಯನ್ನು ಕೇಳದೆ, ಅಂದಪ್ಪನೆಂಬ ನಾನು ಬೇರೆಯಾಗಿದ್ದೇನೆ.’ ಇನ್ನು ನೀನು ಕಂಪನಿಯ ಕಾಗದಕ್ಕೆ ಸಹಿ ಮಾಡು. ಆ ಕೆಲಸ ನಿನಗೆ ಬೇಕು, ನನಗೆ ಗೊತ್ತು. ರೊಟ್ಟಿ ಬಡಿಯುತ್ತ ಅವರ ಪ್ರಶ್ನೆಗಳಿಗೆ ಇಂಗ್ಲಿಷಿನಲ್ಲಿ ಉತ್ತರ ರೂಢಿ ಮಾಡುತ್ತಿದ್ದೆಯಲ್ಲ, ಪಡಸಾಲೆಗೆ ಎಲ್ಲ ಕೇಳುತ್ತಿತ್ತು. ಅಷ್ಟು ಸಂತೋಷದ ನಿನ್ನ ದನಿ ಅದಕ್ಕಿಂತ ಮೊದಲು ನಾನು ಕೇಳಿರಲಿಲ್ಲ. ನಾಳೆ ಯಾರು ಕೇಳಿದರೂ, “ನಾ ತವರಿಗೆ ಹೋದಾಗ ನಮ್ಮ ಮಾವ ಬ್ಯಾರೆ ಆದ” ಅನ್ನು. ಸ್ವಲ್ಪ ಬೈದೇ ಹೇಳು, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ.